ಹಳೇ ಪ್ಲೇಸ್ಟೇಷನ್ ಡ್ರಮ್‌ಗೆ ಯುಎಸ್‌ಬಿ ಅಡಾಪ್ಟರ್ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಪ್ಲೇಸ್ಟೇಷನ್ 2 ಕೆಟ್ಟು ಮೂಲೆ ಸೇರಿದೆ, ಅದರ ಡ್ರಮ್ ಕಂಟ್ರೋಲರ್ ಮಾತ್ರ ಗಟ್ಟಿಮುಟ್ಟಾಗಿದೆ. ಕಂಪ್ಯೂಟರ್‌ಗೆ ಜೋಡಿಸಬೇಕು. ರೆಡಿಮೇಡ್ ಅಡಾಪ್ಟರ್ ಹಾಕಿದರೆ ಅರ್ಧ ಪೆಟ್ಟು ನುಂಗಿಬಿಡುತ್ತದೆ. ನನ್ನ ಹತ್ತಿರ ಆರ್ಡುಯಿನೋ ಊನೋ (ಕೋಡ್ ಬರೆದು ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಇದೆ, ಅದರಲ್ಲಿ ಆಗುತ್ತದಾ?

ಉತ್ತರ: ಊನೋ ಬೇಡ. ಅದರ ಎಟಿಮೆಗಾ328ಪಿ ಚಿಪ್‌ಗೆ ಸ್ವಂತ ಯುಎಸ್‌ಬಿ ಇಲ್ಲ, ಗೇಮ್‌ಪ್ಯಾಡ್ ಆಗಿ ಕಾಣಿಸಿಕೊಳ್ಳಲು ಸುಮ್ನೆ ಸರ್ಕಸ್ ಮಾಡಬೇಕು. ಮೇಲಾಗಿ ಅದು 5 ವೋಲ್ಟಿನದು, ಡ್ರಮ್ 3.3ರ ಆಸುಪಾಸಿನದು. ಚಿಪ್‌ನಲ್ಲೇ ಯುಎಸ್‌ಬಿ ಇರುವ ಎಟಿಮೆಗಾ32ಯು4ರ ಪ್ರೊ ಮೈಕ್ರೋ ಬೋರ್ಡಿನ 3.3 ವೋಲ್ಟ್ ಮಾದರಿ ತೆಗೆದುಕೊಳ್ಳಿ.

ಡ್ರಮ್ಮಿನ ಪ್ಲಗ್ ಮಾತ್ರ ಕತ್ತರಿಸಬೇಡಿ! ಪ್ಲೇಸ್ಟೇಷನ್ ಕಂಟ್ರೋಲರಿನ ಒಂದು ಎಕ್ಸ್‌ಟೆನ್ಶನ್ ಕೇಬಲ್ ಕತ್ತರಿಸಿ. ವೈರಿನ ಬಣ್ಣ ನಂಬದೆ ಪ್ರತಿ ಪಿನ್ನನ್ನೂ ಮಲ್ಟಿಮೀಟರ್‌ನಲ್ಲಿ ನೋಡಿ. ಬೇಕಾದವು ಡೇಟಾ, ಕಮಾಂಡ್, ಅಟೆನ್ಶನ್, ಕ್ಲಾಕ್, ಪವರ್, ಗ್ರೌಂಡ್. ವೈಬ್ರೇಶನ್ ಮೋಟಾರಿನ ಪಿನ್ ಖಾಲಿ ಬಿಡಿ. ಡೇಟಾ ಲೈನನ್ನು ಡ್ರಮ್ ಕೆಳಗೆ ಎಳೆಯುತ್ತದೆ ಅಷ್ಟೆ, ಮೇಲೆತ್ತುವುದಿಲ್ಲ. ಹಾಗಾಗಿ ಅಲ್ಲಿಂದ 3.3 ವೋಲ್ಟಿಗೆ 1 ಕಿಲೋಓಮ್ ಪುಲ್‌ಅಪ್ ರೆಸಿಸ್ಟರ್ (ಲೈನನ್ನು ಮೇಲೆತ್ತಿ ಹಿಡಿಯುವ ರೆಸಿಸ್ಟರ್) ಹಾಕಿ. ಇದನ್ನು ಮರೆತು ಇಡೀ ರಾತ್ರಿ ಕೋಡ್ ತಿದ್ದುತ್ತಾ ಕೂತವನು ನಾನು.

ಬೋರ್ಡು-ಡ್ರಮ್ಮಿನ ಮಾತುಕತೆ ಎಸ್‌ಪಿಐ (ಚಿಪ್‌ಗಳು ಕ್ಲಾಕ್ ತಾಳಕ್ಕೆ ಬಿಟ್ ಕಳಿಸಿಕೊಳ್ಳುವ ಪದ್ಧತಿ) ಥರವೇ, ಅದರಲ್ಲಿ ಮೋಡ್ 3. ಆದರೆ ಪ್ರತಿ ಬೈಟಿನ ಕೊನೆಯ, ಅಂದರೆ ಬಲತುದಿಯ ಬಿಟ್ (ಎಲ್‌ಎಸ್‌ಬಿ) ಮೊದಲು ಹೋಗಬೇಕು. ಹೆಕ್ಸ್‌ನಲ್ಲಿ (16ರ ಲೆಕ್ಕದ ಸಂಖ್ಯೆಗಳಲ್ಲಿ) 01, 42, ಆಮೇಲೆ ಮೂರು ಸೊನ್ನೆ ಬೈಟ್ ಕಳಿಸಿ. ಬೈಟುಗಳ ನಡುವೆ ಸುಮಾರು 20 ಮೈಕ್ರೋಸೆಕೆಂಡ್ ಬಿಡುವು ಕೊಡಿ. ಡ್ರಮ್ ವಾಪಸ್ ಕಳಿಸುವ ಕೊನೆಯ ಎರಡು ಬೈಟುಗಳಲ್ಲಿ ಬಟನ್‌ಗಳಿರುತ್ತವೆ. ಲೆಕ್ಕ ಉಲ್ಟಾ: ಒತ್ತಿದರೆ 0, ಬಿಟ್ಟರೆ 1. ಎಲ್ಲಿ ಬಾರಿಸಿದರೆ ಯಾವ ಬಿಟ್ 0 ಆಗುತ್ತದೆ ಅನ್ನುವುದನ್ನು ಬಾರಿಸಿಯೇ ಗುರುತು ಮಾಡಿಕೊಳ್ಳಿ.

ಪ್ರಶ್ನೆ: ಸರ್, ಮಾಡಿದೆ, ಡ್ರಮ್ ಮಾತಾಡಿತು! ಆದರೆ ಈಗಲೂ ಕೆಲವು ಪೆಟ್ಟು ಆಟಕ್ಕೆ ತಲುಪುತ್ತಿಲ್ಲ. ಲೂಪ್‌ನಲ್ಲಿ 20 ಮಿಲಿಸೆಕೆಂಡ್ ಡಿಲೇ ಇಟ್ಟಿದ್ದೇನೆ.

ಉತ್ತರ: ಒಬ್ಬ ಕಳ್ಳ ಅಲ್ಲೇ ಸಿಕ್ಕಿದ! ಪೆಟ್ಟಿನ ಸಿಗ್ನಲ್ ಆ ಡಿಲೇಗಿಂತ ಚಿಕ್ಕದಿದ್ದರೆ ನೀವು ನೋಡುವ ಹೊತ್ತಿಗೆ ಮುಗಿದುಹೋಗಿರುತ್ತದೆ. ಡಿಲೇ ತೆಗೆದು 1 ಮಿಲಿಸೆಕೆಂಡಿಗೊಮ್ಮೆ ಓದಿ.

ಇನ್ನೊಬ್ಬ ಕಳ್ಳ ಆಟದೊಳಗೇ ಇರಬಹುದು. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಫ್ರೇಮಿಗೊಮ್ಮೆ ಮಾತ್ರ ಬಟನ್ ನೋಡುವ ಆಟವಾದರೆ, 5 ಮಿಲಿಸೆಕೆಂಡಿನ ಪೆಟ್ಟು ಅದರ ಕಣ್ಣಿಗೇ ಬೀಳದಿರಬಹುದು. ಪೆಟ್ಟು ಬಿದ್ದ ತಕ್ಷಣ ಬಟನ್ ಒತ್ತಿದೆ ಅಂತ ಕಳಿಸಿ, ಡ್ರಮ್ ಬಿಟ್ಟರೂ 20 ಮಿಲಿಸೆಕೆಂಡ್ ಹಾಗೇ ಹಿಡಿದಿಡಿ. ಜಾಸ್ತಿ ಹಿಡಿದರೆ ಬೇಗ ಬೇಗ ಬಾರಿಸಿದ ಎರಡು ಪೆಟ್ಟು ಅಂಟಿಕೊಂಡು ಒಂದಾಗುತ್ತವೆ. ನಿಮ್ಮ ರೆಡಿಮೇಡ್ ಅಡಾಪ್ಟರ್ ಎಡವಿದ್ದೂ ಇಲ್ಲೇ ಇರಬೇಕು.