ಅಲಾಸ್ಕಾ ಕ್ರೂಸ್: ಸಮುದ್ರದ ದಿನಗಳೋ, ಬಂದರುಗಳೋ?

ಪ್ರಶ್ನೆ: ಅಪ್ಪ ಅಮ್ಮನೊಂದಿಗೆ ಸಿಯಾಟಲ್‌ನಿಂದ ಹೊರಡುತ್ತಿದ್ದೇನೆ. ಅಮ್ಮನಿಗೆ ಮಂಡಿನೋವು. ಬಂದರುಗಳು ಹೆಚ್ಚಿರುವ ಮಾರ್ಗ ಒಳ್ಳೆಯದೋ, ಹಡಗಿನಲ್ಲೇ ಕಳೆಯುವ ದಿನಗಳು ಹೆಚ್ಚಿರುವುದೋ?

ಉತ್ತರ: ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿ ಇರುವ ಮಾರ್ಗವನ್ನೇ ಆರಿಸಿಕೊಳ್ಳಿ. ಅಲ್ಲಿ ಪ್ರಯಾಣಿಕರು ಇಳಿಯುವುದಿಲ್ಲ. ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳೇ ಹಡಗೇರಿ ಬಂದು ವಿವರಿಸುತ್ತಾರೆ. ನನ್ನ ಅತ್ತೆ ಶಾಲು ಹೊದ್ದು ಡೆಕ್ಕಿನ ಕುರ್ಚಿಯಲ್ಲಿ ಕುಳಿತೇ ಮಾರ್ಜೆರಿ ಹಿಮನದಿಯನ್ನು ನೋಡಿದರು. ಹಿಮದ ಗೋಡೆ ಒಡೆದು ನೀರಿಗೆ ಬಿದ್ದಾಗ ಗುಡುಗಿನಂಥ ಸದ್ದು. ಯಾವ ಬಂದರೂ ಅದಕ್ಕೆ ಸಮವಲ್ಲ!

ಮತ್ತೊಬ್ಬರು: ನಾನು ಒಪ್ಪುವುದಿಲ್ಲ. ಜೂನೋ ನಗರಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ಅಷ್ಟು ದೂರ ಹೋಗಿ ಇಳಿಯದೆ ಬರುವುದೇ? ಮೆಂಡೆನ್‌ಹಾಲ್ ಹಿಮನದಿಯ ಬಳಿಗೆ ಬಸ್ ಹೋಗುತ್ತದೆ.

ಮೊದಲ ಉತ್ತರದವರು: ಜೂನೋದಲ್ಲಿ ಖಂಡಿತ ಇಳಿಯಿರಿ. ಆದರೆ ಕೆನಡಾದ ಬಂದರು ವಿಕ್ಟೋರಿಯಾವನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಡುವೆ ಬೇರೆ ದೇಶದ ಬಂದರನ್ನು ಮುಟ್ಟಬೇಕೆಂಬ 1886ರ ಅಮೆರಿಕದ ಕಾನೂನಿನಿಂದಾಗಿ ವಿದೇಶಿ ಧ್ವಜದ ಹಡಗುಗಳು ಕೆನಡಾದಲ್ಲಿ ನಿಲ್ಲುತ್ತವೆ, ಅದೂ ಹೆಚ್ಚಾಗಿ ಸಂಜೆ. ಅಮ್ಮ ಅಂದು ಹಡಗಿನಲ್ಲೇ ವಿಶ್ರಮಿಸಲಿ.