ಮೇಜಿನ ಮೇಲೆ ರಷ್ಯಾ, ಬಸ್ ಸ್ಟ್ಯಾಂಡಿನಲ್ಲಿ ಅಮ್ಮ

ಪ್ರಶ್ನೆ (ಗುಂಪಿನ ಸದಸ್ಯರು, ಹೆಸರು ಬೇಡ ಎಂದಿದ್ದಾರೆ, ತೀರ್ಥಹಳ್ಳಿ ಹತ್ತಿರದವರು)

ಮೇಡಂ, ನಮಸ್ಕಾರ. ಇದು ಡಾಕ್ಟರ ಹತ್ತಿರ ಕೇಳುವಂಥದ್ದೋ ಅಲ್ಲವೋ ಗೊತ್ತಿಲ್ಲ. ನಗಬೇಡಿ.

ನಮ್ಮ ಮನೆಯವರಿಗೆ ಕುಡಿತ ಇಲ್ಲ, ಇಸ್ಪೀಟ್ ಇಲ್ಲ. ಇರುವುದು ಯುದ್ಧದ ಆಟ. ಮೊಬೈಲಿನದಲ್ಲ, ಮೇಜಿನ ಮೇಲೆ ಹರಡಿಕೊಂಡು ಆಡುವುದು. ದೊಡ್ಡ ನಕ್ಷೆ, ಅದರ ತುಂಬ ಜೇನುತಟ್ಟಿಯ ಹಾಗೆ ಆರು ಮೂಲೆಯ ಮನೆಗಳು, ನೂರಾರು ರಟ್ಟಿನ ಕಾಯಿಗಳು. ಒಂದೊಂದೂ ಅರ್ಧ ಇಂಚು. ಅದರ ಮೇಲೆ ಎರಡು ಅಂಕಿ: ದಳದ ಬಲ ಎಷ್ಟು, ಎಷ್ಟು ಮನೆ ನಡೆಯಬಹುದು ಅಂತ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದು ಸಿಕ್ಕಿಕೊಂಡಿದ್ದ ಗೆಳೆಯರೊಬ್ಬರು ಕಲಿಸಿದರು. ಅವರು ಬೆಂಗಳೂರಿಗೆ ವಾಪಸ್ ಹೋದರು, ಆಟ ಇಲ್ಲೇ ಉಳಿಯಿತು. ಈಗ ಇವರೊಬ್ಬರೇ ಎರಡೂ ಕಡೆ ಆಡುತ್ತಾರೆ. ಭಾನುವಾರ ಮಾತ್ರ ಆ ಗೆಳೆಯರ ಜೊತೆ ಕಂಪ್ಯೂಟರಿನಲ್ಲಿ.

ಎರಡು ತಿಂಗಳಿಂದ ನಮ್ಮ ಊಟದ ಮೇಜಿನ ಮೇಲೆ ರಷ್ಯಾ ಇದೆ. ನಾವು ನೆಲದ ಮೇಲೆ ಉಣ್ಣುತ್ತೇವೆ. ಫ್ಯಾನ್ ಹಾಕುವ ಹಾಗಿಲ್ಲ, ಸೈನ್ಯ ಹಾರುತ್ತದೆ. ನನ್ನ ಹುಬ್ಬು ತೆಗೆಯುವ ಚಿಮಟ ಕಾಯಿ ಎತ್ತುವುದಕ್ಕೆ ಹೋಯಿತು.

ಅದನ್ನೆಲ್ಲ ಸಹಿಸಿಕೊಂಡೆ. ಆದರೆ ಆಟ ಈಗ ಮೇಜಿನಿಂದ ಇಳಿದಿದೆ. ಜಗುಲಿಯಲ್ಲಿ ಚಿಕ್ಕಮಾವ ಕೂತಿದ್ದರೆ, "ಆ ಕಡೆಯಿಂದ ಬರಬೇಡ, ಅವರ ಪಕ್ಕದ ಮನೆಗೆ ಕಾಲಿಟ್ಟರೆ ನಿಲ್ಲಲೇಬೇಕು, ಹಿತ್ತಲ ಬಾಗಿಲಿಂದ ಬಾ" ಎನ್ನುತ್ತಾರೆ. ಎದುರಾಳಿಯ ಕಾಯಿಯ ಪಕ್ಕದ ಮನೆಗೆ ಬಂದರೆ ಅಲ್ಲೇ ನಿಲ್ಲಬೇಕು ಅಂತ ಆಟದಲ್ಲಿ ಒಂದು ನಿಯಮ ಇದೆಯಂತೆ. ತೋಟಕ್ಕೆ ಮಂಗ ಬಂದರೆ, ಮೂರಕ್ಕೆ ಒಂದು ಬಲ ಇಲ್ಲದೆ ಮುನ್ನುಗ್ಗಬಾರದು ಅಂತ ನನ್ನನ್ನೂ ಮಗಳನ್ನೂ ಕರೆಯುತ್ತಾರೆ. ಒಂದು ಮಂಗಕ್ಕೆ ನಾವು ಮೂವರು!

ಇದಕ್ಕೆ ನಾನೂ ನಗುತ್ತೇನೆ. ನಗು ಬಾರದ ಎರಡು ಸಂಗತಿ ಹೇಳುತ್ತೇನೆ.

ನಾದಿನಿಯ ಗೃಹಪ್ರವೇಶ ಶಿವಮೊಗ್ಗದಲ್ಲಿ ಇತ್ತು. ಮನೆಯಲ್ಲಿ ಪೂಜೆ, ಛತ್ರದಲ್ಲಿ ಊಟ. ಓಡಾಟದ ಹೊಣೆ ಇವರದು. ನನ್ನ ಅಮ್ಮ ಭದ್ರಾವತಿಯಿಂದ ಬಸ್ಸಿಗೆ ಬಂದಿಳಿದು ಫೋನ್ ಮಾಡಿದರು, "ಆಟೋ ಹಿಡಿದು ಬರಲಾ?" ಅಂತ. ಇವರು, "ಬೇಡ ಅತ್ತೆ, ಅಲ್ಲೇ ಇರಿ, ಮನೆಗೋ ಛತ್ರಕ್ಕೋ ಆಮೇಲೆ ಹೇಳುತ್ತೇನೆ" ಎಂದರು. ಅಮ್ಮ ತೊಡೆಯ ಮೇಲೆ ಹೋಳಿಗೆ ಡಬ್ಬ ಇಟ್ಟುಕೊಂಡು ಎರಡು ಗಂಟೆ ಬಸ್ ಸ್ಟ್ಯಾಂಡಿನಲ್ಲಿ ಕೂತರು. ಯಾಕೆ ಹೀಗೆ ಮಾಡಿದಿರಿ ಅಂದರೆ, "ರಿಸರ್ವ್ ಇಟ್ಟಿದ್ದೆ, ಎಲ್ಲಿ ಜನ ಕಮ್ಮಿ ಬೀಳುತ್ತೋ ಅಲ್ಲಿಗೆ ಕಳಿಸೋಣ ಅಂತ." ಅಮ್ಮನಿಗೆ ಎಪ್ಪತ್ತೊಂದು.

ಇನ್ನೊಂದು ತೋಟದ್ದು. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಎರಡನೇ ಸುತ್ತು. ಮೈಲುತುತ್ತ, ಸುಣ್ಣ ತಂದಿಟ್ಟಾಗಿತ್ತು. ಹೊಡೆಯುವವರು ಸಿಕ್ಕಿದ್ದರು, ಮಳೆ ಹೊಳವಾಗಿತ್ತು. ಇವರು ದಾಳ ಹಾಕಿದರು. ನಾಲ್ಕರ ಮೇಲೆ ಬಿದ್ದರೆ ಇವತ್ತು, ಇಲ್ಲದಿದ್ದರೆ ನಾಡಿದ್ದು ಅಂತ. ಎರಡು ಬಿತ್ತು. ಮಾರನೇ ದಿನದಿಂದಲೇ ಮಳೆ ಹಿಡಿಯಿತು, ಹತ್ತು ದಿನ ಬಿಡಲಿಲ್ಲ. ಕೆಳಗಿನ ತೋಟದ ಅಡಿಕೆಗೊನೆಗಳೆಲ್ಲ ಕೊಳೆತು ಉದುರಿದವು. ಅವತ್ತು ಭಾನುವಾರ ಅನ್ನುವುದನ್ನೂ ಹೇಳಬೇಕು.

ಇದು ಕಾಯಿಲೆಯಾ ಮೇಡಂ?

ಉತ್ತರ (ಶಿವಮೊಗ್ಗದ ಕ್ಲಿನಿಕಲ್ ಸೈಕಾಲಜಿಸ್ಟ್)

ಕ್ಷಮಿಸಿ, ಮಂಗನ ಹತ್ತಿರ ನಕ್ಕೆ. ಅಮ್ಮನ ಹತ್ತಿರ ನಗಲಿಲ್ಲ.

ನೀವು ಬರೆದಿರುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಒಂದೇ ಗಂಟು ಕಟ್ಟಿದರೆ ಮನೆಯಲ್ಲಿ ಜಗಳ ಆಗುತ್ತದೆಯೇ ಹೊರತು ಬಗೆಹರಿಯುವುದಿಲ್ಲ.

ಮೊದಲನೆಯದು ಮಾತು, ನೋಟ. ಜಗುಲಿಯನ್ನು ನಕ್ಷೆಯ ಹಾಗೆ ನೋಡುವುದು, ಮಂಗಕ್ಕೆ ಲೆಕ್ಕ ಹಾಕುವುದು. ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ಕೆಲಸದಲ್ಲಿ ಮುಳುಗಿದರೂ ಮಿದುಳು ಹೀಗೇ ಮಾಡುತ್ತದೆ. ಸುಗ್ಗಿಯಲ್ಲಿ ನಡುರಾತ್ರಿವರೆಗೆ ಅಡಿಕೆ ಸುಲಿದು ಮಲಗಿದವರನ್ನು ಕೇಳಿ, ಕಣ್ಣು ಮುಚ್ಚಿದರೂ ಅಡಿಕೆಯೇ ಕಾಣುತ್ತದೆ. 2000ದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ರಾಬರ್ಟ್ ಸ್ಟಿಕ್‌ಗೋಲ್ಡ್ ಎಂಬ ನಿದ್ರೆಯ ಸಂಶೋಧಕರು 27 ಜನರಿಗೆ ಟೆಟ್ರಿಸ್ ಆಡಿಸಿದರು, ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಆ ಹಳೇ ಆಟ. ಬಹಳ ಜನರಿಗೆ ನಿದ್ದೆ ಹತ್ತುವ ಹೊತ್ತಿಗೆ ತುಂಡುಗಳು ಬೀಳುವುದು ಕಂಡಿತು. ಆ 27ರಲ್ಲಿ ಐದು ಜನ ಹೊಸ ನೆನಪು ನಿಲ್ಲದ ರೋಗಿಗಳು. ಆಟ ಆಡಿದ್ದೇ ಅವರಿಗೆ ನೆನಪಿಲ್ಲ. ಅವರಲ್ಲೂ ಮೂವರಿಗೆ ತುಂಡುಗಳು ಕಂಡವು! ಅಷ್ಟು ಆಳಕ್ಕೆ ಇಳಿಯುತ್ತದೆ ಇದು. ಹಾಗಾಗಿ "ಆ ಮಾತು ಬಿಡಿ" ಎಂದು ಹೇಳಿ ಪ್ರಯೋಜನವಿಲ್ಲ.

ಎರಡನೆಯದು ನಿಮ್ಮ ಅಮ್ಮನ ವಿಷಯ. ಇಲ್ಲಿ ನನಗೆ ಸಿಟ್ಟು ಬಂತು. ರಟ್ಟಿನ ಕಾಯಿಗೆ ಹಸಿವಿಲ್ಲ, ಮಂಡಿ ನೋವಿಲ್ಲ, ಎರಡು ಗಂಟೆ ಇಟ್ಟಲ್ಲೇ ಇರುತ್ತದೆ. ನಿಮ್ಮವರು ಕೆಟ್ಟವರಂತ ನನಗೆ ಅನ್ನಿಸುವುದಿಲ್ಲ. ಯೋಜನೆ ಹಾಕುವವರಿಗೆಲ್ಲ ಬರುವ ಚಾಳಿ ಇದು. ಮದುವೆ ಮನೆಯಲ್ಲಿ ಉಸ್ತುವಾರಿ ಹೊತ್ತ ದೊಡ್ಡಪ್ಪಂದಿರು ಯಾವ ಯುದ್ಧದಾಟವನ್ನೂ ಆಡದೆ ಇದನ್ನೇ ಮಾಡುತ್ತಾರೆ. ಆದರೆ ಅವರು ಅತ್ತೆಯ ಹತ್ತಿರ ಕ್ಷಮೆ ಕೇಳಬೇಕು. ನಿಮ್ಮ ಮೂಲಕ ಅಲ್ಲ, ಭದ್ರಾವತಿಗೆ ಹೋಗಿ.

ಮೂರನೆಯದು ತೋಟ. ಇದೇ ಮುಖ್ಯ. ಈ ಆಟದಲ್ಲಿ ದಾಳ ಕೊನೆಗೆ ಬೀಳುವುದು. ಅದಕ್ಕೆ ಮೊದಲು ಎದುರಿನವರ ಬಲ ಎಷ್ಟು, ನಡುವೆ ಹೊಳೆ ಇದೆಯಾ, ಕಾಡಿದೆಯಾ, ಸಾಮಾನು ಬರುವ ದಾರಿ ತೆರೆದಿದೆಯಾ, ಎಲ್ಲ ಕೂಡಿ ಕಳೆದು ಒಂದು ಅನುಪಾತ ತೆಗೆಯುತ್ತಾರೆ. ಆಮೇಲೆ ದಾಳ. ಕೊಳೆ ಔಷಧಿ ಮಳೆಗಾಲ ಹಿಡಿಯುವ ಮೊದಲು ಒಂದು ಸುತ್ತು, 40–45 ದಿನಕ್ಕೆ ಇನ್ನೊಂದು ಎಂದು ನಿಮ್ಮವರಿಗೆ ಗೊತ್ತು. ಮೊದಲ ಸುತ್ತಾಗಿ ಎಷ್ಟು ದಿನವಾಯಿತು, ಹೊಡೆಯುವವರು ಮತ್ತೆ ಯಾವಾಗ ಸಿಕ್ಕಾರು, ನಾಡಿದ್ದು ಹೊಳವು ಇರುತ್ತದಾ, ಇದನ್ನು ಅವರು ಲೆಕ್ಕ ಹಾಕಿದರಾ? ಇಲ್ಲ. ತೋಟದಲ್ಲಿ ಅವರು ಯುದ್ಧದಾಟ ಆಡಲಿಲ್ಲ. ಸುಮ್ನೆ ದಾಳ ಹಾಕಿದರು. ಭಾನುವಾರದ ಆಟ ತಪ್ಪಬಾರದು ಎಂದು ಬಾಯಿಬಿಟ್ಟು ಹೇಳುವ ಬದಲು ದಾಳದ ಬಾಯಲ್ಲಿ ಹೇಳಿಸಿದರು.

ಈ ಮಾತನ್ನು ಅವರಿಗೆ ಇದೇ ಪದಗಳಲ್ಲಿ ಹೇಳಿ. ಆಟದ ಮೇಲೆ ಹರಿಹಾಯ್ದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಆಟ ಸರಿಯಾಗಿ ಆಡಲಿಲ್ಲ ಎಂದರೆ ಕೇಳುತ್ತಾರೆ.

ಕಾಯಿಲೆಯಾ ಅಂದರೆ, ಇಷ್ಟು ಓದಿ ನಾನು ಹೌದು ಎನ್ನಲಾರೆ. ದಿನಕ್ಕೆ ಎಷ್ಟು ಗಂಟೆ ಆಡುತ್ತಾರೆ ಅನ್ನುವುದಕ್ಕಿಂತ, ಅದರಿಂದ ಏನು ತಪ್ಪಿಹೋಗುತ್ತಿದೆ ಎಂದು ನೋಡಿ. ನಿದ್ದೆ, ದುಡ್ಡು, ತೋಟ, ಮಗಳ ಜೊತೆ ಮಾತು. ಬಿಡಬೇಕು ಎಂದುಕೊಂಡ ದಿನ ಬಿಡಲು ಆಗುತ್ತದಾ? ಇವು ತಿಂಗಳುಗಟ್ಟಲೆ ಕೈ ತಪ್ಪುತ್ತಿದ್ದರೆ ಇಬ್ಬರೂ ಬನ್ನಿ.

ಇನ್ನೊಬ್ಬ ಸದಸ್ಯರು (ಸಾಗರ)

ಇದು ಗೇಮಿಂಗ್ ಡಿಸಾರ್ಡರ್ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯೇ ಕಾಯಿಲೆ ಅಂತ ಹೇಳಿದೆ. ತಡ ಮಾಡದೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ.

ಉತ್ತರ

ಸ್ವಲ್ಪ ನಿಧಾನ. ಆ ಕಾಯಿಲೆಯ ಹೆಸರು ಪಟ್ಟಿಗೆ ಸೇರಿದ್ದು ನಿಜ. 2019ರಲ್ಲಿ ಒಪ್ಪಿದರು, 2022ರ ಜನವರಿಯಿಂದ ಜಾರಿ. ಆದರೆ ಅದು ಡಿಜಿಟಲ್ ಆಟ, ವಿಡಿಯೋ ಆಟಗಳ ಬಗ್ಗೆ. ಅದಕ್ಕೂ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮುಂದಾಗಿರಬೇಕು, ನಷ್ಟವಾಗುತ್ತಿದ್ದರೂ ನಿಲ್ಲಿಸದೆ ಇರಬೇಕು. ಸಾಮಾನ್ಯವಾಗಿ ಇದು ಒಂದು ವರ್ಷವಾದರೂ ಕಂಡಿರಬೇಕು. ಊಟದ ಮೇಜು ಹೋಯಿತು ಎಂದ ಮಾತ್ರಕ್ಕೆ ಈ ಹೆಸರು ಅಂಟಿಸಬೇಡಿ. ಒಮ್ಮೆ ಅಂಟಿಸಿದ ಹೆಸರು ಊರಿನಲ್ಲಿ ಬಿಡುವುದಿಲ್ಲ.

ಸದಸ್ಯರು (ಭದ್ರಾವತಿ)

ನನ್ನ ಮಗನಿಗೆ ಹದಿನೈದು. ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ. ರಾತ್ರಿ ಎರಡಾದರೂ ಬಿಡುವುದಿಲ್ಲ, ಶಾಲೆಗೆ ಹೋಗುತ್ತಿಲ್ಲ. ಕಿತ್ತುಕೊಂಡರೆ ಬಾಗಿಲು ಒದೆಯುತ್ತಾನೆ.

ಉತ್ತರ

ಸಾರ್, ನಿಮ್ಮದು ಬೇರೆ ವಿಷಯ, ಇದಕ್ಕೆ ತಡ ಮಾಡಬೇಡಿ. ಶಾಲೆ ಮತ್ತು ನಿದ್ದೆ ಎರಡೂ ಹೋಗಿವೆ. ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಚಟಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಏಕಾಏಕಿ ಮೊಬೈಲ್ ಕಿತ್ತು ಎಸೆಯಬೇಡಿ. ಉಳಿದದ್ದು ನನಗೆ ಬೇರೆಯಾಗಿ ಬರೆಯಿರಿ.

ಸದಸ್ಯರು (ಶಿವಮೊಗ್ಗ)

ನಾನೂ ಈ ಆಟ ಆಡುವವನು, ಒಂದು ಮಾತು ಹೇಳಲೇಬೇಕು. ಇದು ಮಕ್ಕಳಾಟ ಅಲ್ಲ. 1824ರಲ್ಲಿ ಪ್ರಷ್ಯಾದ (ಈಗಿನ ಜರ್ಮನಿಯ ಕಡೆಯ ಹಳೇ ರಾಜ್ಯ) ಸೇನಾ ಅಧಿಕಾರಿ ರೈಸ್ವಿಟ್ಸ್ ತನ್ನ ಅಪ್ಪ ಶುರು ಮಾಡಿದ್ದ ಆಟವನ್ನು ತಿದ್ದಿ ಸೈನ್ಯಕ್ಕೆ ತೋರಿಸಿದ. ಅಲ್ಲಿನ ಸೇನಾ ಮುಖ್ಯಸ್ಥ ನೋಡಿ, ಇದು ಆಟವಲ್ಲ, ಯುದ್ಧದ ತರಬೇತಿ ಎಂದನಂತೆ. ಅಂಗಡಿಯಲ್ಲಿ ಸಿಗುವ ಈಗಿನ ರೂಪಕ್ಕೆ 1954ರಲ್ಲಿ ದಾರಿ ಹಾಕಿದವನು ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್. ಇನ್ನು ನಮ್ಮಜ್ಜಂದಿರು ದೇವಸ್ಥಾನದ ಕಲ್ಲಿನ ಮೇಲೆ ಗೆರೆ ಕೊರೆದು ಹುಲಿ-ಕುರಿ ಆಡುತ್ತಿರಲಿಲ್ವಾ? ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಕುರಿ. ಅದೂ ಯುದ್ಧವೇ.

ನಾನು ಈಗ 1763ರಲ್ಲಿ ಹೈದರಾಲಿ ಬಿದನೂರು ಹಿಡಿದದ್ದರ ಮೇಲೆ ಒಂದು ಆಟ ಮಾಡುತ್ತಿದ್ದೇನೆ. ಕಾಡಿನ ಮನೆ ದಾಟಲು ಎಷ್ಟು ಹೆಜ್ಜೆ ಕಳೆಯಬೇಕು ಎನ್ನುವುದೇ ಬಗೆಹರಿಯುತ್ತಿಲ್ಲ. ಹೋದ ತಿಂಗಳು ಮನೆಯವರನ್ನು ನಗರದ (ಬಿದನೂರಿಗೆ ಈಗಿನ ಹೆಸರು) ಕೋಟೆಗೆ ಕರೆದುಕೊಂಡು ಹೋಗಿದ್ದೆ. ಅವರು ಚಿತ್ರಾನ್ನ ಬಿಚ್ಚಿ ಕಾಯುತ್ತಾ ಕೂತರು, ನಾನು ಬತೇರಿಯಿಂದ ಬಾಗಿಲಿಗೆ ಹೆಜ್ಜೆ ಎಣಿಸುತ್ತಿದ್ದೆ. ಬರೆಯುತ್ತಾ ಬರೆಯುತ್ತಾ ಈಗ ನನಗೇ ಸ್ವಲ್ಪ ನಾಚಿಕೆ ಆಗುತ್ತಿದೆ.

ಉತ್ತರ

ಚಿತ್ರಾನ್ನ ಆರುವ ಮೊದಲು ಬಂದಿರಾ ಎಂದು ನಿಮ್ಮ ಮನೆಯವರನ್ನು ಕೇಳಬೇಕು.

ಆದರೆ ನಿಮ್ಮಿಂದ ಒಂದು ಒಳ್ಳೆ ಎಳೆ ಸಿಕ್ಕಿತು. ಆ ಪ್ರಷ್ಯಾದ ಆಟದಲ್ಲಿ ಎರಡು ಕಡೆಯವರ ನಡುವೆ ಒಬ್ಬ ಅಂಪೈರ್ ಇರುತ್ತಿದ್ದ, ಅಲ್ವಾ? ತೀರ್ಥಹಳ್ಳಿಯ ಮನೆಯಲ್ಲಿ ಆಡುವವರೂ ಅವರೇ, ಅಂಪೈರೂ ಅವರೇ.

ಮೊದಲು ಪ್ರಶ್ನೆ ಕೇಳಿದವರಿಗೆ ಒಂದು ಮಾತು. ನಿಮ್ಮವರು ಒಬ್ಬರೇ ಎರಡೂ ಕಡೆ ಆಡುತ್ತಾರೆ ಎಂದಿರಿ. ಒಬ್ಬರೇ ಆಡುವವರು ಒಂದು ಸರದಿ ಮುಗಿಸಿ, ಎದ್ದು, ಮೇಜಿನ ಆ ಕಡೆಗೆ ಹೋಗಿ ಕೂರುತ್ತಾರೆ. ಈ ಕಡೆಯವನ ಗುಟ್ಟು ಮರೆತು ಆ ಕಡೆಯವನ ತಲೆಯಿಂದ ಯೋಚಿಸುತ್ತಾರೆ. ಸುಲಭದ ಕೆಲಸವಲ್ಲ ಅದು. ನನ್ನ ಹತ್ತಿರ ಬರುವ ಎಷ್ಟೋ ಗಂಡ-ಹೆಂಡಿರಿಗೆ ನಾನು ಕಲಿಸಲು ಒದ್ದಾಡುವುದು ಇದನ್ನೇ. ಅವರಿಗೆ ಹೇಳಿ, ಒಂದು ದಿನದ ಮಟ್ಟಿಗೆ ನಿಮ್ಮ ಕಡೆ ಕೂತು ನಿಮ್ಮ ಸರದಿ ಬರೆಯಲಿ. ಬೆಳಿಗ್ಗೆ ಎದ್ದಲ್ಲಿಂದ ದೀಪ ಆರಿಸುವವರೆಗೆ, ನಿಮ್ಮ ಒಂದೊಂದು ನಡೆ.

ಪ್ರಶ್ನೆ ಕೇಳಿದವರು, ಮೂರು ವಾರದ ಮೇಲೆ

ಮೇಡಂ, ಏನಾಯಿತು ಅಂತ ಹೇಳುತ್ತೇನೆ.

ನಿಮ್ಮ ಉತ್ತರವನ್ನೇ ಓದಿಸಿದೆ. ಅಮ್ಮನ ಭಾಗ ಓದಿ ಮಾತಾಡಲಿಲ್ಲ. ಮಾರನೇ ದಿನ ಭದ್ರಾವತಿಗೆ ಹೋಗಿ ಬಂದರು. ಅಲ್ಲಿ ಏನು ಹೇಳಿದರೋ ಗೊತ್ತಿಲ್ಲ. ಅಮ್ಮ ಫೋನಿನಲ್ಲಿ, "ಪಾಪ, ಒಳ್ಳೇ ಹುಡುಗ" ಎಂದರು. ಅಮ್ಮ ಯಾವಾಗಲೂ ಹಾಗೆ, ಅಳಿಯನ ಕಡೆ. ದಾಳದ ಭಾಗಕ್ಕೆ ಸಿಟ್ಟು ಬಂತು. ಒಂದು ಗಂಟೆ ತೋಟದಲ್ಲಿ ಓಡಾಡಿ ಬಂದು, "ಅವರು ಹೇಳಿದ್ದು ಸರಿ, ಅದು ನಿಯಮ ಅಲ್ಲ" ಎಂದರು. ಭಾನುವಾರದ ಆಟ ಈಗ ರಾತ್ರಿ ಊಟದ ಮೇಲೆ.

ರಷ್ಯಾ ಇನ್ನೂ ಮೇಜಿನ ಮೇಲೇ ಇದೆ. ಅಟ್ಟಕ್ಕೆ ಹೋಗುತ್ತದಂತೆ, ಇನ್ನು ನಾಲ್ಕು ಸರದಿ ಬಾಕಿ ಅಂತೆ.

ಮೊನ್ನೆ ನನ್ನ ಸರದಿ ಬರೆಯಲು ಕೂತರು. ಅಡುಗೆಮನೆಯ ಮಣೆಯ ಮೇಲೆ, ನೋಟ್‌ಬುಕ್ ಹಿಡಿದು. ಒಲೆಗೆ ಸೌದೆ, ಹಾಲು, ಕಡುಬಿಗೆ ಹಿಟ್ಟು, ಅತ್ತೆಯ ಬಿಪಿ ಮಾತ್ರೆ, ಮಗಳ ಜಡೆ, ಅವಳ ಬಸ್ಸು, ಆಳುಗಳಿಗೆ ತಿಂಡಿ, ಒಣಗಲು ಹಾಕಿದ ಬಟ್ಟೆ ಮಳೆಗೆ ಒಳಗೆ, ಬಿಸಿಲಿಗೆ ಹೊರಗೆ, ಮತ್ತೆ ಮಳೆಗೆ ಒಳಗೆ. ಹನ್ನೊಂದು ಗಂಟೆಗೆ ಪುಟ ತುಂಬಿತು. ಮೂವತ್ತೆರಡು ನಡೆ. ಅದನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಉದ್ದದ ಗಡಿ ಕಾಯಲು ಒಂದೇ ಕಾಯಿನಾ?" ಎಂದರು.

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಇವತ್ತು ಕಾಫಿ ನಾನೇ ಮಾಡುತ್ತೇನೆ ಎಂದು ಎದ್ದರು.

ಹಾಲು ಉಕ್ಕಿತು. ಆಮೇಲೆ ಒಳಗಿಂದಲೇ ಕೂಗಿ ಕೇಳಿದರು, ಸಕ್ಕರೆ ಡಬ್ಬ ಎಲ್ಲಿದೆ ಅಂತ.