ಪಲವಾನಿನ ಭೂಗತ ನದಿಗೆ ವಯಸ್ಸಾದವರು ಹೋಗಬಹುದೇ?

ಪ್ರಶ್ನೆ (ಬದಿಯಡ್ಕದಿಂದ):
ಫಿಲಿಪೈನ್ಸಿನ ಪಲವಾನ್ ದ್ವೀಪದಲ್ಲಿರುವ ಪುಯೆರ್ಟೊ ಪ್ರಿನ್ಸೆಸಾ ಭೂಗತ ನದಿಗೆ ಅಮ್ಮನನ್ನು ಕರೆದೊಯ್ಯಬೇಕೆಂದಿದ್ದೇನೆ. ನೀರಿಗಾಗಿ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಕುಡಿದು ಬೆಳೆದ ನಮಗೆ ಕತ್ತಲೆ ಹೊಸದಲ್ಲ. ಆದರೆ ಅವರಿಗೆ 68 ವರ್ಷ. ನಡಿಗೆ ಎಷ್ಟಿದೆ? ಯಾವ ತಿಂಗಳು ಅನುಕೂಲ?

ಉತ್ತರ (ಕುಂಬಳೆಯಿಂದ):
ನಡಿಗೆ ಹೆಚ್ಚಿಲ್ಲ. ಸಬಾಂಗ್ ಎಂಬಲ್ಲಿಂದ ಮೋಟಾರು ದೋಣಿಯಲ್ಲಿ ಸಮುದ್ರದ ಮೂಲಕ ಸಾಗಿ, ಮರಳ ದಂಡೆಯಲ್ಲಿಳಿದು, ಕಾಡಿನೊಳಗೆ ಸ್ವಲ್ಪ ದೂರ ನಡೆದರೆ ಗುಹೆಯ ಬಾಯಿ; ಮುಂದೆ ಹುಟ್ಟು ಹಾಕುವ ದೋಣಿ. ಸುಮಾರು 8.2 ಕಿ.ಮೀ. ಉದ್ದದ ಈ ನದಿ ನೇರವಾಗಿ ಸಮುದ್ರವನ್ನು ಸೇರುವುದರಿಂದ, ಅದರ ಕೆಳಭಾಗದಲ್ಲಿ ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಳಿವೆಯಲ್ಲಿರುವಂತೆಯೇ ಉಬ್ಬರವಿಳಿತವಿದೆ, ಆದರೆ ಅಲ್ಲಿ ಅದು ನಡೆಯುವುದು ಸುಣ್ಣಕಲ್ಲಿನ ಚಾವಣಿಯ ಕೆಳಗೆ. ಪ್ರವಾಸಿಗರನ್ನು ಒಂದು ಭಾಗದವರೆಗೆ ಮಾತ್ರ ಒಯ್ಯುತ್ತಾರೆ. ಮೇಲೆ ಬಾವಲಿಗಳಿರುತ್ತವೆ, ತಲೆಯೆತ್ತಿ ನೋಡುವಾಗ ಬಾಯಿ ಮುಚ್ಚಿರುವುದು ಕ್ಷೇಮ.

ಉತ್ತರ (ಮಂಜೇಶ್ವರದಿಂದ):
ಅನುಮತಿ ಪತ್ರವನ್ನು ಮುಂಚಿತವಾಗಿ ಪಡೆದಿರಬೇಕು. ಸಮುದ್ರ ಕೆರಳಿದ ದಿನ ದೋಣಿ ಬಿಡುವುದಿಲ್ಲವಾದ್ದರಿಂದ, ಮಳೆ ಕಡಿಮೆಯಿರುವ ಫೆಬ್ರವರಿ, ಮಾರ್ಚ್ ತಿಂಗಳುಗಳೇ ಲೇಸು. ಗುಹೆಯಷ್ಟನ್ನೇ ನೋಡಿ ಮರಳಬೇಡಿ. ಬೆಟ್ಟದಿಂದ ಕಡಲಿನವರೆಗಿನ ಇಡೀ ಕಾಡು ಉಳಿದಿರುವುದಕ್ಕಾಗಿಯೂ 1999ರಲ್ಲಿ ಇದು ಯುನೆಸ್ಕೋ ಪಟ್ಟಿಗೆ ಸೇರಿತು. ದಂಡೆಯಲ್ಲಿ ಉಡಗಳು ನಿರ್ಭಯವಾಗಿ ಓಡಾಡುತ್ತವೆ. ಮಂಗಗಳ ಮುಂದೆ ತಿಂಡಿಯ ಪೊಟ್ಟಣ ಬಿಚ್ಚದಿರುವಂತೆ ಅಮ್ಮನಿಗೆ ಹೇಳಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮಾರ್ಚ್‌ಗೇ ನಿಶ್ಚಯಿಸುತ್ತೇನೆ.